ನೇಮ ಹಿಡಿಯದ ಮೀನು

ಏನನ್ನೂ ತಿನ್ನದ ಮೀನು ಬೆಳೆಯುತ್ತಿದೆ ಎಂಬುದು ಕಣ್ಣಿಗೆ ಬಿದ್ದ ದಿನದಿಂದ ಗಂಗಲಕ್ಷ್ಮಮ್ಮನವರಿಗೆ ಮನೆಯಲ್ಲಿ ಯಾರ ಮೇಲೂ ನಂಬಿಕೆ ಉಳಿಯಲಿಲ್ಲ.

ಮೀನು ಅವರ ಗಂಡ ಮುನಿಆಂಜನಪ್ಪನವರದು. ವಿಮಾನದ ಕಾರ್ಖಾನೆಯಿಂದ ನಿವೃತ್ತರಾದ ಮೇಲೆ ಅವರು ಶಿವಾಜಿನಗರದ ಅಕ್ತರನ ಅಂಗಡಿಯಿಂದ ಒಂದು ಅರೋವಾನಾ ಮರಿ ತಂದು, ದೊಡ್ಡನೆಕ್ಕುಂದಿಯ ಮನೆಯ ವರಾಂಡದಲ್ಲಿ ಗಾಜಿನ ತೊಟ್ಟಿ ಇಡಿಸಿದ್ದರು. ಬೆಳ್ಳಿ ಪಟ್ಟಿಯಂಥ ಮೈ, ತುಟಿಯಲ್ಲಿ ಎರಡು ಮೀಸೆ, ಕಣ್ಣು ಸದಾ ಮೇಲಕ್ಕೆ. ಬೇಟೆಯ ಜಾತಿ. ನೀರಿನ ಮೇಲೆ ಮಿಸುಕಾಡಿದ್ದನ್ನಷ್ಟೇ ಹಾರಿ ಹಿಡಿಯುತ್ತಿತ್ತು. ಅದು ಗೇಣುದ್ದ ಬೆಳೆಯುವ ಮೊದಲೇ ಮುನಿಆಂಜನಪ್ಪನವರು ಎದೆನೋವಿನಿಂದ ತೀರಿಕೊಂಡರು.

ಶ್ರೀರಂಗಪಟ್ಟಣದಲ್ಲಿ ಅಸ್ಥಿ ಬಿಟ್ಟು, ಒದ್ದೆ ಸೀರೆಯಲ್ಲೇ ನಿಂತು ಗಂಗಲಕ್ಷ್ಮಮ್ಮ ನೇಮ ಹಿಡಿದಿದ್ದರು. ವರ್ಷದ ತಿಥಿ ಕಳೆಯುವ ತನಕ ತಮ್ಮ ಹೊಸ್ತಿಲೊಳಗೆ ಹೊಟ್ಟೆಗಾಗಿ ಒಂದು ಜೀವವೂ ಹೋಗಕೂಡದು. ಹೋದವರ ದಾರಿ ಸುಗಮವಾಗುವುದು ಇದರಿಂದಲೇ ಎಂದು ಅವರು ನಂಬಿದ್ದರು. ಮಗ ಆನಂದ, ಸೊಸೆ ದಿವ್ಯ ಇಬ್ಬರೂ ತಲೆಯಾಡಿಸಿದರು. ಮೀನಿನ ವಿಚಾರ ಆಗ ಯಾರಿಗೂ ಹೊಳೆಯಲಿಲ್ಲ.

ಅನ್ನದ ಅಗುಳು ಹಾಕಿದರು, ಕಡಲೆಹಿಟ್ಟಿನ ಉಂಡೆ ಹಾಕಿದರು, ಪನೀರು ಚೂರು ಮಾಡಿ ಹಾಕಿದರು. ಮೀನು ಮೂಸಿಯೂ ನೋಡದೆ ತಿರುಗಿಕೊಂಡಿತು. “ತಿನ್ನಪ್ಪಾ, ಅವರು ಬಿಟ್ಟುಹೋಗಿದ್ದು ನೀನೊಬ್ಬನೇ” ಎಂದು ಗಾಜಿನ ಮುಂದೆ ಕುಕ್ಕರಗಾಲಲ್ಲಿ ಕೂತು ಬೇಡಿಕೊಂಡರು. ಮೀನು ಸತ್ತರೆ ಗಂಡನ ಕೊನೆಯ ಆಸೆ ಸತ್ತಂತೆ, ನೇಮ ಮುರಿದರೆ ಅವರ ದಾರಿಗೇ ಕಲ್ಲು ಹಾಕಿದಂತೆ. ಎರಡಕ್ಕೂ ಅವರ ಮನಸ್ಸು ಒಪ್ಪದು.

ಕೊನೆಗೆ ಬಸ್ಸು ಹತ್ತಿ ಅಕ್ತರನ ಅಂಗಡಿಗೇ ಹೋಗಿ, ಮೀನು ಏನನ್ನೂ ಮುಟ್ಟುತ್ತಿಲ್ಲ ಎಂದರು.

“ಬೆನ್ನು ಒಣಗಿದ್ಯಾ ಅಮ್ಮಾ? ತಲೆ ಮಾತ್ರ ದೊಡ್ಡದಾಗಿ ಕಾಣ್ತದಾ?”

“ಇಲ್ಲಪ್ಪ. ಹೊಟ್ಟೆ ಗುಂಡಗಿದೆ. ಉದ್ದಾನೂ ಆಗಿದೆ.”

ಅಕ್ತರ್ ನಕ್ಕುಬಿಟ್ಟ. “ಹಂಗಾದ್ರೆ ಉಪವಾಸ ಇರೋದು ನೀವು, ಮೀನಲ್ಲ. ಯಾರೋ ಕದ್ದು ಕೊಡ್ತಾವ್ರೆ. ಹೊಟ್ಟೆ ತುಂಬಿರೋದಕ್ಕೆ ನಿಮ್ಮ ಅನ್ನದ ಕಡೆ ನೋಡಲ್ಲ ಅದು.”

ಹಿಂದಿರುಗುವ ಬಸ್ಸಿನಲ್ಲಿ ಅವರು ಮನೆಯವರನ್ನು ಒಬ್ಬೊಬ್ಬರಾಗಿ ಎಣಿಸಿದರು. ಯಾರು? ಆನಂದ ಬೆಳಗಾಗುವುದರೊಳಗೆ ಕೆಲಸಕ್ಕೆ ಹೋಗುವವನು. ಉಳಿದವಳು ದಿವ್ಯ. ಮಾರನೆಯ ಬೆಳಗ್ಗೆ ಅವಳನ್ನೇ ಹಿಡಿದು ಕೇಳಿದರು.

“ನೀನೇನಾದ್ರೂ ಹಾಕ್ತಿದ್ಯೇನಮ್ಮ ಅದಕ್ಕೆ?”

“ಯಾವುದಕ್ಕೆ ಅತ್ತೆ?”

“ಗೊತ್ತಿಲ್ಲದೋರ ಹಾಗೆ ಆಡಬೇಡ.”

ದಿವ್ಯ ಟಿಫಿನ್ ಡಬ್ಬಿ ಮುಚ್ಚುವುದನ್ನು ನಿಲ್ಲಿಸಿದಳು. “ಜಿರಳೆ ಕಂಡ್ರೆ ಕುರ್ಚಿ ಹತ್ತೋಳು ನಾನು. ನಿಮ್ಮ ಮಾತಿಗೆ ಅಂತ ಆಫೀಸಲ್ಲೂ ಮೊಸರನ್ನಾನೇ ತಿಂತಿದೀನಿ. ಇನ್ನೇನು ಆಣೆ ಇಡ್ಲಿ ಹೇಳಿ?”

ಟೀ ಕುಡಿಯದೆಯೇ ಹೊರಟುಹೋದಳು. ಸಂಜೆ ಅವಳ ಡಬ್ಬಿಯನ್ನು ಗಂಗಲಕ್ಷ್ಮಮ್ಮ ಮೂಸಿ ನೋಡಿದರು. ಮೊಸರಿನ ವಾಸನೆಯೇ ಬಂತು. ಇನ್ನೊಂದು ಡಬ್ಬಿ ಇದ್ದಿರಬಹುದು ಎಂದುಕೊಂಡರು.

ಒಮ್ಮೆ ಅನುಮಾನ ಹೊಕ್ಕ ಮೇಲೆ ಎಲ್ಲವೂ ವಕ್ರವಾಗಿಯೇ ಕಾಣುತ್ತದೆ. ಮಹಡಿಯ ಬಾಡಿಗೆಯವರ ಮನೆಯ ಜಯದೇವಿ, ಬಾಗಲಕೋಟೆಯ ಕಡೆಯವಳು, ಲಿಂಗಪೂಜೆ ತಪ್ಪಿಸದವಳು, ಈಚೆಗೆ ಬೆಳಗ್ಗೆ ಎರಡೆರಡು ಸಲ ಸ್ನಾನ ಮಾಡಿ ಟ್ಯಾಂಕಿನ ನೀರು ಬರಿದು ಮಾಡುವುದು ಕೂಡ ಅವರ ಮನಸ್ಸನ್ನು ಚುಚ್ಚಿತು. ಅವಳ ಮೆಟ್ಟಿಲು ವರಾಂಡದಿಂದಲೇ ಹತ್ತುವುದು. ಆದರೂ ಮೊಟ್ಟೆ ಬೇಯಿಸಿದ ಪಾತ್ರೆಯನ್ನೂ ಮುಟ್ಟದ ಅವಳನ್ನು ಏನೆಂದು ಅನುಮಾನಿಸುವುದು?

ಆಗ ಅವರಿಗೆ ರಾಗಿಹಿಟ್ಟು ನೆನಪಾಯಿತು. ಗಂಡನ ಹನ್ನೊಂದನೆಯ ದಿನ ಅವರು ಮಲಗುತ್ತಿದ್ದ ಕೋಣೆಯಲ್ಲಿ ಹಿಟ್ಟು ಹರಡಿ ಬಾಗಿಲು ಮುಚ್ಚಿದ್ದರು. ಹೋದವರು ಬಂದು ಮನೆ ನೋಡಿಕೊಂಡು ಹೋದರೆ ಹೆಜ್ಜೆ ಬೀಳುತ್ತದೆ. ಬಾಗಿಲು ತೆಗೆದಾಗ ಹಿಟ್ಟು ಹರಡಿದ ಹಾಗೆಯೇ ಇತ್ತು. ಆ ಮಾತನ್ನು ಅವರು ಮತ್ತೆ ಯಾರ ಮುಂದೆಯೂ ಎತ್ತಿರಲಿಲ್ಲ.

ಮಾರನೆಯ ಬೆಳಗ್ಗೆ ದಿನದ ಹಾಗೆ ಆಂಜನೇಯನ ಗುಡಿಗೆ ಹೊರಡುವ ಮುಂಚೆ, ತೊಟ್ಟಿಯ ಸುತ್ತ ಕೆಂಪು ಗಾರೆ ನೆಲದ ಮೇಲೆ ರಾಗಿಹಿಟ್ಟನ್ನು ಬಟ್ಟೆಯಲ್ಲಿ ಸೋಸಿ ಉದುರಿಸಿದರು. ಧೂಳು ಕೂತಂತೆ ಕಾಣುತ್ತಿತ್ತು, ಅಷ್ಟೆ. ಗುಡಿಯಲ್ಲಿ ಕೈ ಮುಗಿದರೂ ಮನಸ್ಸು ವರಾಂಡದಲ್ಲೇ ಇತ್ತು. ತೀರ್ಥ ಅಂಗೈಯಿಂದ ಸೋರಿಹೋದದ್ದೂ ಗೊತ್ತಾಗಲಿಲ್ಲ.

ಹಿಂದಿರುಗಿ ಬಂದಾಗ ಹಿಟ್ಟಿನ ಮೇಲೆ ಹೆಜ್ಜೆಗಳಿದ್ದವು.

ಅವರೇ ಬಂದಿದ್ದರೇ? ಕೋಣೆಗೆ ಬಾರದವರು ಮೀನಿಗಾಗಿ ಬಂದರೇ? ಬಗ್ಗಿ ನೋಡಿದರು. ಗಂಡನ ಎಡಗಾಲಿನ ಕಿರುಬೆರಳು ಕಾರ್ಖಾನೆಯಲ್ಲಿ ಹೋಗಿತ್ತು. ಇಲ್ಲಿ ಐದೂ ಬೆರಳು ಮೂಡಿದ್ದವು. ಎರಡನೆಯ ಬೆರಳಿನ ಬುಡದಲ್ಲಿ ಕಾಲುಂಗುರದ ಗುರುತು. ದಿವ್ಯ ಕಾಲುಂಗುರ ಬಿಚ್ಚಿಟ್ಟು ಬೂಟು ಹಾಕಿಕೊಂಡೇ ಓಡಾಡುವವಳು. ಹೆಜ್ಜೆಗಳು ಮೆಟ್ಟಿಲು ಹತ್ತಿ ಹೋಗಿದ್ದವು.

ಅವರೂ ಹತ್ತಿದರು. ಜಯದೇವಿ ಒದ್ದೆ ತಲೆಗೆ ಬಟ್ಟೆ ಸುತ್ತಿಕೊಂಡು ಹೂವಿನ ಕುಂಡದ ಬಳಿ ನಿಂತಿದ್ದಳು. ಪಕ್ಕದಲ್ಲಿ ತೆಂಗಿನ ಚಿಪ್ಪು, ಅದರಲ್ಲಿ ಹಸಿಮಣ್ಣು.

“ಏನಮ್ಮ ಅದು?”

ಜಯದೇವಿ ಮುಚ್ಚಿಡಲಿಲ್ಲ. “ಎರೆಹುಳಾ ರೀ ಅಮ್ಮಾರ.”

“ಲಿಂಗ ಕಟ್ಟಿದೋಳು ನೀನು!”

“ಹೌದ್ರಿ. ಅದಕ್ಕ ಮತ್ತ ಜಳಕಾ ಮಾಡ್ತೀನಿ. ಕಣ್ಣು ಮುಚ್ಚಿ ‘ಶಿವಾ’ ಅಂದು ತೊಟ್ಟ್ಯಾಗ ಒಗೀತೀನ್ರಿ. ನನಗೇನು ಇದನ್ನ ಮಾಡೂ ಹೌಸಿ ಐತೇನು?”

“ನನ್ನ ನೇಮ ಹಾಳು ಮಾಡಿದೆಯಲ್ಲೇ. ಅವರ ಗತಿ ಏನು ಈಗ?”

“ನೇಮಾ ಹಿಡದವ್ರು ನೀವ್ರಿ. ಮೀನಾ ಹಿಡದೈತೇನು?” ಅಂದವಳೇ ನಾಲಗೆ ಕಚ್ಚಿಕೊಂಡಳು. ಆಮೇಲೆ ದನಿ ತಗ್ಗಿಸಿದಳು. “ಅಪ್ಪಾರ ಹೇಳಿ ಹೋಗ್ಯಾರ್ರೀ. ಆಸ್ಪತ್ರಿಗೆ ಆಟೋ ಹತ್ತೋ ಹೊತ್ನ್ಯಾಗ. ‘ನಮ್ಮ ಗಂಗಿಗೆ ದೇವರ ಗುಂಗು ಹಿಡಿದ್ರೆ ಈ ಮೀನು ಉಪವಾಸ ಬೀಳುತ್ತೆ, ನೀನು ನೋಡ್ಕೊಳ್ಳಮ್ಮಾ’ ಅಂದ್ರು. ನಗಾಕತ್ತಿದ್ರು.”

ಸುಳ್ಳು ಎನ್ನಲು ಗಂಗಲಕ್ಷ್ಮಮ್ಮ ಬಾಯಿ ತೆರೆದಿದ್ದರು. ಆದರೆ ‘ಗಂಗಿ’ ಎಂಬ ಹೆಸರು ಈ ಹೆಂಗಸಿನ ಬಾಯಿಗೆ ಬರುವುದು ಹೇಗೆ? ಮಕ್ಕಳ ಎದುರಿಗೂ ಗಂಡ ಹಾಗೆ ಕರೆದವರಲ್ಲ. ಎದೆನೋವಿನ ಭರದಲ್ಲಿ ಬಾಯಿ ಜಾರಿರಬೇಕು.

“ನಂಗೇ ಹೇಳಬಹುದಿತ್ತಲ್ಲ” ಎಂದರು.

ಕೆಳಗಿಳಿದು ಹಿಟ್ಟು ಗುಡಿಸಿದರು. ಗುಡಿಸುತ್ತಾ ಗುಡಿಸುತ್ತಾ ದೊಡ್ಡ ಬಾಗಿಲಿನ ಹೊಸ್ತಿಲಿಗೆ ಬಂದು ನಿಂತರು. ಅರಿಸಿನ ಬಳಿದ ಹೊಸ್ತಿಲು ಇಲ್ಲಿದೆ, ತೊಟ್ಟಿ ಅದರ ಆಚೆಗಿದೆ. ತಾವು ನುಡಿದದ್ದು ಹೊಸ್ತಿಲೊಳಗೆ ಎಂದೇ. ದೇವರ ಮುಂದೆ ಇಂಥ ಸಮಾಧಾನ ನಡೆಯುತ್ತದೆಯೋ ಇಲ್ಲವೋ ಅವರಿಗೆ ತಿಳಿಯಲಿಲ್ಲ. ಗಾಜಿನೊಳಗೆ ಮೀನು ಮೇಲಕ್ಕೆ ಕಣ್ಣು ನೆಟ್ಟು ಸುಮ್ಮನೆ ತೇಲುತ್ತಿತ್ತು.

ಮಾರನೆಯ ಬೆಳಗ್ಗೆ ದಿವ್ಯಳ ಮುಂದೆ ಟೀ ಲೋಟ ಇಟ್ಟು, “ನಿನ್ನ ಮೇಲೆ ಸುಮ್ಮನೆ ಅನುಮಾನ ಪಟ್ಟೆ ಕಣಮ್ಮ, ಕುಡಿ” ಎಂದರು. ದಿವ್ಯ ಅತ್ತೆಯ ಮುಖವನ್ನು ಒಮ್ಮೆ ನೋಡಿ ಲೋಟ ಎತ್ತಿಕೊಂಡಳು.

ಆಮೇಲೆ ಹೂಬುಟ್ಟಿ ಹಿಡಿದು ಮೆಟ್ಟಿಲ ಕೆಳಗೆ ನಿಂತು ಕೂಗಿದರು. “ಜಯದೇವೀ, ಇವತ್ತು ಗುಡೀಲಿ ಪ್ರದಕ್ಷಿಣೆ ಜಾಸ್ತಿ ಇದೆ. ಬರೋದು ನಿಧಾನ ಆಗುತ್ತೆ.”

ಮೇಲಿನಿಂದ ಉತ್ತರ ಬಂತು. “ಆಗ್ಲಿ ಬಿಡ್ರಿ ಅಮ್ಮಾರ. ಹಗೂರಕ ಬರ್ರಿ.”

ಗೇಟಿನ ತನಕ ಹೋದವರು ಮತ್ತೆ ಹಿಂದಿರುಗಿ ಬಂದು, ಮೇಲಿನ ಟ್ಯಾಂಕಿಗೆ ನೀರು ಏರಿಸುವ ಮೋಟಾರಿನ ಸ್ವಿಚ್ಚು ಹಾಕಿ, ಗುಡಿಯ ಕಡೆ ನಡೆದರು.