ಟ್ರ್ಯಾಕ್ಟರಿನ ಹುಳಿ ಮಜ್ಜಿಗೆ

ಹಿತ್ತಿಲಿನ ಪುಟ್ಟ ಟ್ರ್ಯಾಕ್ಟರನ್ನು ಅಶ್ರಫನಿಗೆ ಕೊಟ್ಟುಬಿಡುವುದೆಂದು ಸುಮಿತ್ರ ತೀರ್ಮಾನಿಸಿದ್ದು ಗಂಡನನ್ನು ಕೇಳದೆ. ಕೇಳಿದರೂ ಜನಾರ್ದನನಿಗೆ ಎಷ್ಟು ತಿಳಿಯುತ್ತದೆ ಎಂಬುದು ಅವಳಿಗೆ ಗೊತ್ತಿರಲಿಲ್ಲ.

ಹಿಂದಿನ ಅಕ್ಟೋಬರಿನಲ್ಲಿ ಗಂಡ ಹೆಂಡತಿ ಇಬ್ಬರೂ ಮಗಳು ಕೃಪಾಳನ್ನು ನೋಡಲು ಕೊಚ್ಚಿಗೆ ಹೋಗಿದ್ದರು. ಅಲ್ಲಿನ ಕಲೂರಿನಲ್ಲಿದ್ದ ಅವಳ ಬಾಡಿಗೆ ಮನೆಯಲ್ಲಿ ಬೆಳಗ್ಗೆ ಚಹಾ ಕುಡಿಯುತ್ತಿದ್ದ ಜನಾರ್ದನನ ಕೈಯಿಂದ ಲೋಟ ಜಾರಿ ಬಿತ್ತು. ಬಗ್ಗಿ ಎತ್ತಿಕೊಳ್ಳಲು ಹೋದವನು ಹಾಗೇ ಪಕ್ಕಕ್ಕೆ ವಾಲಿದ. ಆಸ್ಪತ್ರೆಯಿಂದ ಹೊರಬರುವಾಗ ಬಲಗಾಲು ಎಳೆಯುತ್ತಿತ್ತು, ಬಲಗೈ ಮಡಿಲಲ್ಲಿ ಸುಮ್ಮನೆ ಬಿದ್ದಿರುತ್ತಿತ್ತು. ಕಾಲು ದಿನದಿಂದ ದಿನಕ್ಕೆ ಸುಧಾರಿಸಿತು. ಮಾತು ಮಾತ್ರ ಕಲಸಿಹೋಯಿತು. ಬಾಗಿಲು ಎನ್ನುವಲ್ಲಿ ಚಪ್ಪಲಿ ಎನ್ನುತ್ತಿದ್ದ. ಹೆಂಡತಿಯನ್ನು ತನ್ನ ತಂಗಿಯ ಹೆಸರು ಹಿಡಿದು ಪ್ರೇಮ ಎಂದು ಕರೆಯುತ್ತಿದ್ದ. ಹೋಗಿರುವುದು ಬರಿಯ ಪದಗಳೋ, ಪದಗಳ ಹಿಂದಿನ ಯೋಚನೆಯೂ ಹೋಗಿದೆಯೋ ಎಂದು ಸುಮಿತ್ರ ಡಾಕ್ಟರನ್ನು ಕೇಳಿದ್ದಳು. "ಕಾದು ನೋಡೋಣ," ಎಂದಿದ್ದರು ಅವರು.

ತಾವು ನೆಲೆಸಿದ್ದ ಶ್ರೀಕಾರ್ಯಂನ ಮನೆಗೆ ಮರಳಿದ ಮೇಲೆ ಅವಳು ಕಾಯುತ್ತಲೇ ಇದ್ದಳು. ಮೂವತ್ತು ವರ್ಷ ಕೇಂದ್ರ ಸರಕಾರದ ಕಚೇರಿಯೊಂದರ ವಾಹನಗಳನ್ನೆಲ್ಲ ನೋಡಿಕೊಂಡಿದ್ದ ಮನುಷ್ಯ ಈಗ ವರಾಂಡದ ಬೆತ್ತದ ಕುರ್ಚಿಯಲ್ಲಿ ಕುಳಿತು ರಸ್ತೆ ನೋಡುತ್ತಿದ್ದ. ಬ್ಯಾಂಕಿನಲ್ಲಿ ಅವಳ ರಜೆ ಮುಗಿಯುತ್ತ ಬಂದಿತ್ತು. ಪುತ್ತೂರಿನಿಂದ ತಮ್ಮ ಸುಬ್ರಾಯ ದಿನ ಬಿಟ್ಟು ದಿನ ಫೋನ್ ಮಾಡುತ್ತಿದ್ದ. "ಭಾವನನ್ನು ಒಬ್ಬರನ್ನೇ ಬಿಟ್ಟು ನೀನು ಕೆಲಸಕ್ಕೆ ಹೋಗ್ಲಿಕ್ಕೆ ಆಗ್ತದಾ ಅಕ್ಕ? ಅವರಿಗೆ ಒಲೆ ಯಾವುದು ನೀರು ಯಾವುದು ಗೊತ್ತಾಗ್ಲಿಕ್ಕುಂಟಾ? ಕೆಲಸ ಬಿಡು, ಇಲ್ಲಿಗೇ ಬನ್ನಿ. ಮುಂದಿನ ವಾರ ನಾನೇ ವ್ಯಾನು ತಕ್ಕೊಂಡು ಬರ್ತೇನೆ." ಅವಳಿಗೆ ಬೇರೆ ದಾರಿ ಕಾಣಲಿಲ್ಲ. ಆಯಿತು ಎಂದಿದ್ದಳು. ಒಂದೊಂದೇ ಸಾಮಾನು ಕೊಡಲು ಶುರುಮಾಡಿದ್ದಳು.

ಟ್ರ್ಯಾಕ್ಟರು ಜನಾರ್ದನ ಯಾವುದೋ ಹಳೆಯ ಎಸ್ಟೇಟಿನವರಿಂದ ತಂದು, ವಾರಗಟ್ಟಲೆ ಬಿಚ್ಚಿ ಜೋಡಿಸಿ ಜೀವ ತುಂಬಿದ್ದ ಗಾಡಿ. ಆಳೆತ್ತರವೂ ಇಲ್ಲ, ಒಬ್ಬ ಕೂರುವಷ್ಟು ಸೀಟು, ಹಗ್ಗ ಎಳೆದು ಶುರುಮಾಡುವ ಪೆಟ್ರೋಲ್ ಎಂಜಿನ್. ಮಳೆಗಾಲಕ್ಕೆ ಮೊದಲು ಅದರಲ್ಲಿ ಹಿತ್ತಿಲು ಉತ್ತು ಮರಗೆಣಸು ನೆಡುತ್ತಿದ್ದ. ಅಶ್ರಫ್ ಮಂಜೇಶ್ವರದ ಹುಡುಗ, ಟೆಕ್ನೋಪಾರ್ಕಿನಲ್ಲಿ ಕೆಲಸ, ಎರಡು ಮನೆ ಆಚೆ ವಾಸ. ಖಾಲಿ ಸೈಟೊಂದನ್ನು ಗೇಣಿಗೆ ಪಡೆದು ರಜಾದಿನಗಳಲ್ಲಿ ತರಕಾರಿ ಬೆಳೆಸುತ್ತಿದ್ದ. ಗಾಡಿ ಅವನಿಗೆ ಉಪಯೋಗಕ್ಕೆ ಬರುತ್ತದೆ ಎಂದು ಸುಮಿತ್ರಳ ಲೆಕ್ಕ.

ಮೇ ತಿಂಗಳ ಆ ಶನಿವಾರ ಅಶ್ರಫ್ ಬಂದು ತಾಡಪಾಲು ಸರಿಸಿ ಹಗ್ಗ ಎಳೆದ. ಎಂಜಿನ್ ಬುಸ್ ಎಂದು ಸುಮ್ಮನಾಯಿತು. ಚೋಕ್ ಹಾಕಿ ಎಳೆದ, ತೆಗೆದು ಎಳೆದ. ಅಂಗಿ ಬೆನ್ನಿಗೆ ಅಂಟುವವರೆಗೆ ಎಳೆದ. ಒಂದು ಸಲವೂ ಕೆಮ್ಮಲಿಲ್ಲ.

ವರಾಂಡದಿಂದ ಜನಾರ್ದನ, "ಮಜ್ಜಿಗೆ," ಎಂದ.

ಸೆಖೆ ಜೋರಿತ್ತು. ಬಾಯಾರಿಕೆ ಇರಬೇಕೆಂದು ಸುಮಿತ್ರ ಒಳಗೆ ಹೋಗಿ, ಉಪ್ಪು ಶುಂಠಿ ಹಾಕಿ ಮಜ್ಜಿಗೆ ತಂದಳು. ಅವನು ಲೋಟ ನೋಡಿದ, ಅವಳನ್ನು ನೋಡಿದ, ಎಡಗೈಯಿಂದ ಲೋಟವನ್ನು ಸರಿಸಿದ. ಅರ್ಧ ಅವಳ ಸೀರೆಯ ಮೇಲೆ ಚೆಲ್ಲಿತು.

"ಬೇಡವಾ? ಈಗ ನೀವೇ ಕೇಳಿದ್ದಲ್ಲ?"

"ಮಜ್ಜಿಗೆ," ಎಂದ ಮತ್ತೆ, ಹಲ್ಲು ಕಚ್ಚಿ. "ಮಜ್ಜಿಗೆ... ಹುಳಿ."

"ಹುಳಿ ಇಲ್ಲ ಮಾರಾಯ್ರೆ, ಇವತ್ತಿಂದೇ."

ಅವನ ಮುಖ ಕೆಂಪಾಯಿತು. ಬೆರಳು ನೀಡಿ ಹಿತ್ತಿಲಿನ ಕಡೆ ತೋರಿಸಿದ. ಅಶ್ರಫನನ್ನಲ್ಲ, ಅವನ ಮುಂದಿದ್ದ ಟ್ರ್ಯಾಕ್ಟರಿನ ಟ್ಯಾಂಕನ್ನು. ಸುಮಿತ್ರ ಒದ್ದೆ ಸೆರಗು ಹಿಡಿದು ನಿಂತೇ ಇದ್ದಳು. ಆಮೇಲೆ ಮೆಟ್ಟಿಲಿಳಿದು ಹೋಗಿ ಟ್ಯಾಂಕಿನ ಮುಚ್ಚಳ ತೆಗೆದು ಮೂಗು ಹತ್ತಿರ ಹಿಡಿದಳು. ಪೆಟ್ರೋಲಿನ ಘಾಟು ಇರಲಿಲ್ಲ. ಹಳೆಯ ಬಣ್ಣದ ಡಬ್ಬಿಯ ಹಾಗೆ ಏನೋ ಕಮಟು ವಾಸನೆ.

"ಅಶ್ರಫ್, ಇದರಲ್ಲಿರುವ ಪೆಟ್ರೋಲು ಯಾವಾಗಿಂದು?"

"ನಾನು ಹಾಕಲಿಲ್ಲ ಅಕ್ಕ. ಇದ್ದದ್ದೇ. ಅರ್ಧ ಟ್ಯಾಂಕು ಉಂಟಲ್ಲ ಅಂತ..."

"ಅಕ್ಟೋಬರಿಗಿಂತ ಮೊದಲಿಂದು. ಹಾಳಾಗಿದೆ. ಅದನ್ನೇ ಅವರು ಹೇಳ್ತಾ ಇರುದು." ತಿರುಗಿ ನೋಡಿದರೆ ಜನಾರ್ದನ ಕುರ್ಚಿಗೆ ಒರಗಿದ್ದ. ಸದ್ಯ, ಒಬ್ಬರಿಗಾದರೂ ತಿಳಿಯಿತಲ್ಲ ಎನ್ನುವ ಮುಖ.

ಅಶ್ರಫ್ ಹಳೆಯದನ್ನು ಡಬ್ಬಿಗೆ ಇಳಿಸಿ, ಬೈಕಿನಲ್ಲಿ ಹೋಗಿ ಹೊಸ ಪೆಟ್ರೋಲು ತಂದು ತುಂಬಿದ. ಹಗ್ಗ ಎಳೆದ. ಏನೂ ಆಗಲಿಲ್ಲ. ಸುಮಿತ್ರಳ ಮನಸ್ಸು ಮತ್ತೆ ಕುಸಿಯಿತು. ಕಾಕತಾಳೀಯ ಇದ್ದರೂ ಇರಬಹುದು. ತಾನೇ ಬೇಕಾದ ಅರ್ಥ ಹಚ್ಚಿಕೊಂಡೆನೇನೋ ಅಂದುಕೊಂಡಳು.

ಹಿಂದೆ ಕೋಲಿನ ಸದ್ದಾಯಿತು. ಜನಾರ್ದನ ಮೆಟ್ಟಿಲಿಳಿಯುತ್ತಿದ್ದ. ಯಾರೂ ಹಿಡಿಯದೆ ಅವನು ಆ ಮೆಟ್ಟಿಲು ಇಳಿದಿರಲಿಲ್ಲ. ಓಡಲು ಹೊರಟವಳು, ಅವನ ಕಣ್ಣು ಟ್ರ್ಯಾಕ್ಟರಿನ ಮೇಲೆ ನೆಟ್ಟಿರುವುದನ್ನು ಕಂಡು ತಡೆದು ನಿಂತಳು. ಅವನು ಬಂದು ಅಲ್ಲಿದ್ದ ಕಲ್ಲಿನ ಮೇಲೆ ಕುಳಿತು ಎಂಜಿನನ್ನು ಕೋಲಿನಿಂದ ತಟ್ಟಿ ತೋರಿಸಿದ.

"ಹಲ್ಲು ಕೀಳು."

ಅಶ್ರಫ್ ಸುಮಿತ್ರಳ ಮುಖ ನೋಡಿದ. ಕೋಲಿನ ತುದಿ ಸ್ಪಾರ್ಕ್ ಪ್ಲಗ್ಗಿನ ಮೇಲಿತ್ತು. "ಪ್ಲಗ್ ಬಿಚ್ಚಬೇಕಂತೆ," ಎಂದಳು ಅವಳು, ಈ ಸಲ ಅನುಮಾನವಿಲ್ಲದೆ.

ಬಿಚ್ಚಿ ಕೊಟ್ಟ ಪ್ಲಗ್ಗಿನ ತುದಿಯನ್ನು ಜನಾರ್ದನ ಎಡ ಹೆಬ್ಬೆರಳಿನಿಂದ ಸವರಿದ. "ಒಣ," ಎಂದ. ಪ್ಲಗ್ಗನ್ನು ತಂತಿಗೆ ಸಿಕ್ಕಿಸಿ ಎಂಜಿನಿನ ಮೈಗೆ ತಾಗಿಸಿ ಹಿಡಿಯುವಂತೆ ಸನ್ನೆ ಮಾಡಿದ. ಅಶ್ರಫ್ ಹಗ್ಗಕ್ಕೆ ಕೈ ಹಾಕಿದ್ದೇ ತಡ, ಕೋಲು ಅಡ್ಡ ಬಂತು. ಪೆಟ್ರೋಲಿನ ಕ್ಯಾನು, ಹಳೆಯದರ ಡಬ್ಬಿ, ಎರಡನ್ನೂ ದೂರ ಇಡಿಸಿ, ಟ್ಯಾಂಕಿನ ಮುಚ್ಚಳ ಬಿಗಿಯಾಗಿದೆಯೇ ಎಂದು ನೋಡಿದ ಮೇಲೆಯೇ ತಲೆಯಾಡಿಸಿದ. ಒಲೆ ಯಾವುದು ನೀರು ಯಾವುದು ಎಂದು ಸುಬ್ರಾಯ ಕೇಳಿದ್ದು ಸುಮಿತ್ರಳಿಗೆ ನೆನಪಾಯಿತು. ಹಗ್ಗ ಎಳೆದಾಗ ಪ್ಲಗ್ಗಿನ ತುದಿಯಲ್ಲಿ ನೀಲಿ ಕಿಡಿ ಹಾರಿತು.

"ಹಾಂ. ದೀಪ ಉಂಟು," ಎಂದ ಜನಾರ್ದನ. "ಮಜ್ಜಿಗೆ ಬರುದಿಲ್ಲ."

ಅಶ್ರಫನಿಗೆ ಈಗ ಹುರುಪು ಬಂತು. "ಕಿಡಿ ಬರ್ತದೆ, ಪ್ಲಗ್ ಒಣಗಿದೆ. ಅಂದ್ರೆ ಪೆಟ್ರೋಲು ಒಳಗೆ ಹೋಗ್ತಾ ಇಲ್ಲ. ಕಾರ್ಬ್ಯುರೇಟರ್ ಅಲ್ವಾ ಅಂಕಲ್?"

ಜನಾರ್ದನ ಉತ್ತರವಾಗಿ ಕಾರ್ಬ್ಯುರೇಟರಿನ ಕೆಳಗಿನ ಬಟ್ಟಲನ್ನು ಮುಟ್ಟಿದ. ಬಿಚ್ಚಿದರೆ ತಳದಲ್ಲಿ ಹಳದಿ ಅಂಟು, ಬೆಲ್ಲದ ಪಾಕ ತಳ ಹಿಡಿದ ಹಾಗೆ. ನಡುವಿನ ಹಿತ್ತಾಳೆಯ ತಿರುಪಿನಲ್ಲಿ ಸೂಜಿಮೊನೆಯಷ್ಟು ತೂತು. ಬೆಳಕಿಗೆ ಹಿಡಿದರೆ ಆಚೆ ಕಾಣಲಿಲ್ಲ.

"ಕೂದಲು," ಎಂದ ಜನಾರ್ದನ.

ಸುಮಿತ್ರ ಒಳಗೆ ಹೋಗಿ ಹಾಳಾದ ಇಸ್ತ್ರಿಪೆಟ್ಟಿಗೆಯ ವಯರು ತಂದಳು. ಅದನ್ನು ಸುಲಿದು ತಾಮ್ರದ ಒಂದೇ ಒಂದು ಎಳೆ ಬಿಡಿಸಿ ಅವನಿಗೆ ತೋರಿಸಿದಳು. "ಇದಾ?"

ಅವನು ಬಾಯಿ ತುಂಬ ನಕ್ಕ. ಎಷ್ಟೋ ತಿಂಗಳ ಮೇಲೆ ನಕ್ಕದ್ದು. ಒಂದು ಬದಿಯ ತುಟಿ ಮಾತ್ರ ಮೇಲೆ ಹೋಯಿತು, ಆದರೂ ಅವನದೇ ನಗು.

ತೂತು ಬಿಡಿಸುವ ಕೆಲಸವನ್ನು ಅವಳೇ ಮಾಡಿದಳು. ಎಳೆ ತೂರಿಸಿ, ಪೆಟ್ರೋಲಿನಲ್ಲಿ ಅದ್ದಿ, ಊದಿ, ಮತ್ತೆ ತೂರಿಸಿ. ಅವನು ಪಕ್ಕದಲ್ಲಿ ಕುಳಿತು "ಇನ್ನೂ, ಇನ್ನೂ" ಎನ್ನುತ್ತಿದ್ದ. ಕೊನೆಗೆ ತೂತಿನಾಚೆ ಆಕಾಶದ ಬಿಳಿ ಚುಕ್ಕಿ ಕಂಡಿತು. ಎಲ್ಲ ಜೋಡಿಸಿ ಅಶ್ರಫ್ ಎಳೆದಾಗ ಎಂಜಿನ್ ಕೆಮ್ಮಿತು. ಮತ್ತೆ ಎಳೆದಾಗ ಹೊಗೆ ಉಗುಳಿ, ಗುಡುಗುಡು ಎಂದು ಹಿಡಿದುಕೊಂಡಿತು. ತೆಂಗಿನ ಮರದಿಂದ ಕಾಗೆಗಳು ಎದ್ದು ಹಾರಿದವು. ಅಶ್ರಫ್ ಸೀಟು ಹತ್ತಿ ಕೂತ. ಹಿತ್ತಿಲಿನ ಅರ್ಧ ಹೋದವನು ಅಲ್ಲೇ ನಿಂತ. ಎಂಜಿನ್ ಸೊರಗಿ, ಬಿಕ್ಕಿ, ಆರಿಹೋಗಿತ್ತು.

ಸ್ವಲ್ಪ ಹೊತ್ತು ಬಿಟ್ಟು ಎಳೆದರೆ ಶುರುವಾಯಿತು. ಮತ್ತೆ ಹಾಗೆಯೇ ಆರಿತು.

"ಸಾಕು ಅಂಕಲ್, ಮೆಕ್ಯಾನಿಕ್ಕನ್ನು ಕರೀತೇನೆ. ನಿಮಗೆ ಆಯಾಸ ಆಗ್ತದೆ," ಎಂದ ಅಶ್ರಫ್.

ಜನಾರ್ದನ ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ತಲೆ ಓರೆ ಮಾಡಿ ಕಣ್ಣು ಮುಚ್ಚಿದ್ದ. ಆ ಮುಖ ಸುಮಿತ್ರಳಿಗೆ ಗೊತ್ತು. ಜೀಪು ಕಚೇರಿಯ ಗೇಟಿನಲ್ಲಿ ಕೆಟ್ಟು ನಿಂತಾಗ, ಮನೆಯ ಪಂಪು ಸದ್ದು ಬದಲಿಸಿದಾಗ ಅವನು ಹೀಗೆಯೇ ನಿಲ್ಲುತ್ತಿದ್ದ. ಆಗ ಮಾತಾಡಿಸಿದರೆ ಸಿಟ್ಟಾಗುತ್ತಿದ್ದ. ಅವಳು ಅಶ್ರಫನಿಗೆ ಸುಮ್ಮನಿರು ಎಂದು ಸನ್ನೆ ಮಾಡಿದಳು.

ಕಣ್ಣು ತೆರೆದವನು ಎದ್ದು, ಕಾಲೆಳೆಯುತ್ತ ಹಿತ್ತಿಲಿನ ನಡುವೆ ನಿಂತಿದ್ದ ಗಾಡಿಯ ಬಳಿ ಹೋದ. ಎಡಗೈಯಲ್ಲಿ ಟ್ಯಾಂಕಿನ ಮುಚ್ಚಳ ತಿರುಗಿಸಿದ. ಸುಯ್ಯೆಂದು ಗಾಳಿ ಒಳಗೆ ಎಳೆದುಕೊಂಡ ಸದ್ದು ಮೂವರಿಗೂ ಕೇಳಿಸಿತು. ಅವನು ಮುಚ್ಚಳವನ್ನು ಸುಮಿತ್ರಳ ಅಂಗೈಯಲ್ಲಿಟ್ಟ. ಅದರ ತಲೆಯಲ್ಲೊಂದು ಸಣ್ಣ ತೂತು, ಒಳಗೆ ಗಟ್ಟಿ ಮಣ್ಣು. ಯಾವುದೋ ಕಣಜ ಗೂಡು ಕಟ್ಟಲು ಮೆತ್ತಿ ಹೋಗಿತ್ತು.

"ಉಸಿರು," ಎಂದ ಜನಾರ್ದನ, ನಿಧಾನವಾಗಿ, ಅವಳ ಕಣ್ಣಲ್ಲಿ ಕಣ್ಣಿಟ್ಟು. "ಇದಕ್ಕೆ... ಉಸಿರು ಕಟ್ಟಿದೆ."

ಒಂದೂ ಪದ ತಪ್ಪಿರಲಿಲ್ಲ. ಗಾಳಿ ಒಳಗೆ ಹೋಗದೆ ಪೆಟ್ರೋಲು ಕೆಳಗಿಳಿಯದು. ಅಷ್ಟು ದೂರ ಯೋಚಿಸಿ, ಇಷ್ಟು ಸಣ್ಣ ತೂತಿಗೆ ಬಂದು ಮುಟ್ಟಿದ್ದ. ಸುಮಿತ್ರ ಬಳೆಯಲ್ಲಿ ಸಿಕ್ಕಿಸಿದ್ದ ಪಿನ್ನು ತೆಗೆದು ಮಣ್ಣು ಕೆದಕಿದಳು. ಅವಸರಕ್ಕೆ ಪಿನ್ನು ಬೆರಳಿಗೆ ಚುಚ್ಚಿತು. ಅವಳಿಗೆ ನೋವಾಗಲಿಲ್ಲ.

ಈ ಸಲ ಎಂಜಿನ್ ಆರಲಿಲ್ಲ. ಅಶ್ರಫ್ ಹಿತ್ತಿಲಿನ ಕೊನೆಯವರೆಗೆ ಹೋಗಿ ತಿರುಗಿಸಿಕೊಂಡು ಬಂದ. ನೇಗಿಲು ಹೂಡಿರಲಿಲ್ಲ, ಆದರೂ ಜನಾರ್ದನ ಎಡಗೈ ಎತ್ತಿ ಬಲಕ್ಕೆ, ಎಡಕ್ಕೆ ಎಂದು ದಾರಿ ತೋರಿಸುತ್ತಿದ್ದ. ಸುಮಿತ್ರ ಕಲ್ಲಿನ ಮೇಲೆ ಕುಳಿತಳು. ಅಳು ಬಂತು. ತಡೆಯಲು ಹೋಗಲಿಲ್ಲ, ಎಂಜಿನಿನ ಗದ್ದಲದಲ್ಲಿ ಯಾರಿಗೂ ಕೇಳುವಂತಿರಲಿಲ್ಲ.

ಅಶ್ರಫ್ ಎಂಜಿನ್ ನಿಲ್ಲಿಸಿ ಇಳಿದವನು ಸೀಟಿನ ಧೂಳು ಒರೆಸುತ್ತ, "ಅಕ್ಕ, ಇದು ಇಲ್ಲೇ ಇರ್ಲಿ," ಎಂದ. "ನಾನು ತಕ್ಕೊಂಡು ಹೋದ್ರೆ ನಾಳೆ ಮತ್ತೆ ಕೆಡ್ತದೆ. ಅಂಕಲ್ ನನ್ನ ಕಡೆಯಲ್ಲಿ ಇರುದಿಲ್ಲ. ಬೇಕಾದಾಗ ಬಂದು ಉತ್ತು ಹೋಗ್ತೇನೆ."

"ನಾವೂ ಇಲ್ಲೇ ಇರ್ತೇವೆ," ಎಂದಳು ಸುಮಿತ್ರ. ಬಾಯಿಗೆ ಬಂದ ಮೇಲೆಯೇ ಅದು ತನ್ನ ತೀರ್ಮಾನ ಎಂದು ಅವಳಿಗೆ ತಿಳಿದದ್ದು.

ಮೊದಲು ಕೃಪಾಳಿಗೆ ಫೋನ್ ಮಾಡಿದಳು. ಎಲ್ಲ ಕೇಳಿದ ಮಗಳು ತನ್ನ ಅಭ್ಯಾಸದಂತೆ ಮಲಯಾಳದಲ್ಲೇ, "ಅಚ್ಛನ್ ತನ್ನೆ ಪರಞ್ಞೋ?" ಎಂದಳು. ಅಪ್ಪನೇ ಹೇಳಿದರಾ ಎಂದು.

"ಹೌದು. ಅವರೇ ಹೇಳಿದ್ದು."

ಸುಬ್ರಾಯನಿಗೆ ವ್ಯಾನು ಬೇಡವೆಂದು ಹೇಳುವುದು ಅಷ್ಟು ಸುಲಭವಾಗಲಿಲ್ಲ. ಒಂದು ಟ್ರ್ಯಾಕ್ಟರು ರಿಪೇರಿಯಾದ ಮಾತ್ರಕ್ಕೆ ಏನು ಎಂದು ಅವನು ವಾದಿಸಿದ.

"ಪೆಟ್ರೋಲಿಗೆ ಮಜ್ಜಿಗೆ ಅಂತಾರೆ ಸುಬ್ರಾಯ, ಹೌದು. ಆದ್ರೆ ಅದು ಪೆಟ್ರೋಲು ಅಂತ ಅವರಿಗೆ ಗೊತ್ತುಂಟು. ಕಿಡಿ ಹತ್ತಿರ ಅದನ್ನು ಇಡ್ಲಿಕ್ಕೆ ಬಿಡ್ಲಿಲ್ಲ ನಮ್ಮನ್ನು. ತಲೆಗೆ ಏನೂ ಆಗಲಿಲ್ಲ. ಮಾತು ಮಾತ್ರ ದಾರಿ ತಪ್ಪಿದೆ, ಅದನ್ನು ನಾನು ಕಲೀತೇನೆ. ಸೋಮವಾರದಿಂದ ಬ್ಯಾಂಕಿಗೆ ಹೋಗ್ತೇನೆ."

ಫೋನಿಟ್ಟು ಬಂದಾಗ ಜನಾರ್ದನ ವರಾಂಡದಲ್ಲಿ ಅಶ್ರಫನಿಗೆ ಏನನ್ನೋ ವಿವರಿಸುತ್ತಿದ್ದ. ಬಾಚಣಿಗೆ, ಚಪ್ಪಲಿ, ಕೊಡೆ ಎಂಬ ಪದಗಳೆಲ್ಲ ಬಂದುಹೋಗುತ್ತಿದ್ದವು. ಅಶ್ರಫ್ ಒಂದೊಂದಕ್ಕೂ ಬೇರೆ ಬೇರೆ ಬಿಡಿಭಾಗ ಎತ್ತಿ ತೋರಿಸಿ ಇದಾ, ಇದಾ ಎಂದು ಕೇಳುತ್ತಿದ್ದ. ಅಲ್ಲ ಎಂದಾಗಲೆಲ್ಲ ಇಬ್ಬರೂ ನಗುತ್ತಿದ್ದರು. ಸುಮಿತ್ರ ಅವರ ಪಕ್ಕದಲ್ಲೇ ಚಾಪೆ ಹಾಸಿ ಒಂದು ಗಳಿಗೆ ಎಂದು ಅಡ್ಡಾದಳು. ಎಚ್ಚರವಾದಾಗ ಸಂಜೆಯಾಗಿತ್ತು, ಯಾರೋ ಅವಳ ಮೇಲೆ ತೆಳು ಹೊದಿಕೆ ಹೊದಿಸಿದ್ದರು.