ಅಡುಗೆಮನೆಯ ಪರದೆ

ಹುಮೈರ ಗ್ಯಾಸ್ ಹಚ್ಚಿದ್ದೇ ತಡ, ಸಾಲಿಹಾ ಬಂದು ಪಟ್ಟನೆ ಆರಿಸಿಬಿಟ್ಟಳು.

"ಸಾವಿನ ಮನೆಯಲ್ಲಿ ಮೂರು ದಿನ ಒಲೆ ಹಚ್ಚುವುದಿಲ್ಲ. ಗೊತ್ತಿಲ್ವಾ ನಿಂಗೆ?"

"ಗೊತ್ತುಂಟು ಮಾಮಿ. ಆದ್ರೆ ಯಾರೂ ಎಂತದೂ ತರ್ಲಿಲ್ಲ," ಎಂದಳು ಸೊಸೆ. "ನಿನ್ನೆಯಿಂದ ನಿಮ್ಮ ಹೊಟ್ಟೆಗೆ ನೀರು ಬಿಟ್ರೆ ಏನಿಲ್ಲ."

ತರುವವರಾದರೂ ಯಾರು? ಅಕ್ಕಪಕ್ಕದವರು ತಂದುಕೊಡುವುದು ರೂಢಿ, ನಿಜ. ಆದರೆ ದುಬೈಯ ಅಲ್ ಮುರಕ್ಕಬಾತ್‌ನ ಈ ಫ್ಲ್ಯಾಟಿಗೆ ಜನ ಬರುತ್ತಿದ್ದದ್ದೇ ಉಣ್ಣುವುದಕ್ಕೆ. ವಿಸಿಟ್ ವೀಸಾದಲ್ಲಿ ಬಂದು ಕೆಲಸ ಸಿಗದವರು, ಕಂಪೆನಿ ಮುಚ್ಚಿ ಬೀದಿಗೆ ಬಿದ್ದವರು, ಯಾರ್ಯಾರೋ. ಇವತ್ತು ಮಣ್ಣಾದ ಸಾಲಿಹಾಳ ಗಂಡ ಅಬ್ದುಲ್ ಖಾದಿರ್ ಒಬ್ಬರ ಹೆಸರನ್ನೂ ಕೇಳದೆ ಕೂರಿಸುತ್ತಿದ್ದ. ಈ ಮನೆಗೇ ಊಟ ಹೊತ್ತು ತರಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

ದಫನ ಮುಗಿಸಿ ಬಂದವರ ಮಾತು ಹಾಲ್‌ನಿಂದ ಕೇಳುತ್ತಿತ್ತು.

"ಖಾದಿರ್ ಭಾಯ್ ಅಂದ್ರೆ ದೇವರಂಥ ಮನುಷ್ಯ ಮಾರಾಯ್ರೆ," ಎನ್ನುತ್ತಿದ್ದ ಉಡುಪಿಯ ಸರ್ವೋತ್ತಮ. "ಕೆಲಸ ಸಿಗುವವರೆಗೆ ನಂಗೆ ಊಟ ಹಾಕಿದ್ರು. ಅಂಥಾ ಮೀನ್ ಸಾರು ಮತ್ತೆ ತಿಂದದ್ದೇ ಇಲ್ಲ."

ಸಾರು ಮಾಡಿದ್ದು ಖಾದಿರನೇ? ಸಾಲಿಹಾಗೆ ಮೈಯೆಲ್ಲ ಉರಿಯಿತು. ಅವರಲ್ಲಿ ಒಬ್ಬನೂ ಅವಳ ಮುಖ ಕಂಡವನಲ್ಲ. ಕಂಡದ್ದು ಅಡುಗೆಮನೆಯ ಪರದೆಯಿಂದ ಪಾತ್ರೆ ಹಿಡಿದು ಚಾಚುತ್ತಿದ್ದ ಕೈ ಮಾತ್ರ.

*

ವರ್ಷಗಳ ಹಿಂದೆ ಭಟ್ಕಳದಲ್ಲಿ ಅವಳ ತಾಯಿ ತೀರಿಕೊಂಡ ಸುದ್ದಿ ಬಂದ ದಿನವೂ ಹಾಲ್ ತುಂಬಿತ್ತು.

"ಇವತ್ತೊಂದು ದಿನ ಅವರನ್ನು ಕಳಿಸಿಬಿಡಿ," ಎಂದು ಅಳುತ್ತ ಬೇಡಿಕೊಂಡಿದ್ದಳು.

"ಮುಸಾಫಿರರು ಸಾಲಿಹಾ, ಅಲ್ಲಾಹನ ಅತಿಥಿಗಳು. ಹಸಿದು ಕಳಿಸಿದ್ರೆ ನಾಳೆ ಅವನಿಗೆ ಎಂತ ಉತ್ತರ ಕೊಡುವುದು?"

ಖಾದಿರನ ಕಣ್ಣಲ್ಲೂ ನೀರಿತ್ತು, ಅದು ಸುಳ್ಳಲ್ಲ. ಆದರೆ ಒಲೆಯ ಮುಂದೆ ನಿಂತವಳು ಅವಳು. ಹೆತ್ತ ತಾಯಿಗಾಗಿ ನೆಟ್ಟಗೆ ಅಳುವುದಕ್ಕೂ ಅವಳಿಗೆ ಬಿಡುವಾಗಲಿಲ್ಲ.

*

"ಅಮ್ಮಾ," ಮಗ ಮುಹ್ಸಿನ್ ಪರದೆ ಸರಿಸಿ ಮೆಲ್ಲಗೆ ಹೇಳಿದ. "ಎಲ್ರೂ ಊಟದ ಸುಫ್ರಾ ಹಾಸಿ ಕೂತುಬಿಟ್ಟಿದ್ದಾರೆ. ಅಭ್ಯಾಸ ನೋಡಿ. ಸ್ವಲ್ಪ ಅನ್ನ, ಸಾರು ಮಾಡಿಬಿಡಿ. ಬಾಬಾ ಇದ್ದಿದ್ರೆ..."

"ಬಾಬಾ ಇಲ್ಲ. ಖಲಾಸ್."

"ಮರ್ಯಾದೆ ಹೋಗ್ತದೆ ಅಮ್ಮಾ."

ಸಾಲಿಹಾ ಶೆಲ್ಫಿನಿಂದ ಒಂದು ತಟ್ಟೆ ಎಳೆದುಕೊಂಡಳು. ಆ ಸದ್ದಿಗೆ ಹಾಲ್‌ನಲ್ಲಿ ಜನ ಸರಿದು ಜಾಗ ಮಾಡಿಕೊಂಡು ಕೂತರು.

ಪರದೆ ಅಲುಗಿತು. ಅದೇ ಕೈ ಹೊರಗೆ ಬಂತು. ಬಡಿಸಲು ಎದ್ದ ಸರ್ವೋತ್ತಮ ಹೋಗಿ ತಟ್ಟೆ ಹಿಡಿದ. ಅದರಲ್ಲಿ ಏನೂ ಇರಲಿಲ್ಲ. ಅವನು ಎಳೆದರೂ ಕೈ ಬಿಡಲಿಲ್ಲ. ಖಾಲಿ ತಟ್ಟೆಯನ್ನು ಅವನ ಮುಂದೆ ಒಡ್ಡಿ ಹಾಗೇ ಕಾಯುತ್ತಿತ್ತು.