ಕೊನೆಯ ತೂಬಿನ ಪಾಳಿ

ರಾತ್ರಿಯೆಲ್ಲ ಜಿಟಿಜಿಟಿ ಹಿಡಿದ ಮಳೆ ಬೆಳಕು ಹರಿಯುವ ಹೊತ್ತಿಗೆ ನಿಂತಿತು, ಗಾಳಿಯೂ ಅದರ ಜೊತೆಗೇ ನಿಂತುಬಿಟ್ಟಿತು, ಲಿಂಗಸುಗೂರಿನ ಮೇಲೆ ಮೋಡ ಒದ್ದೆ ಕಂಬಳಿಯ ಹಾಗೆ ಇಳಿಬಿದ್ದಿದೆ, ಅಣ್ಣನ ಮನೆಯ ಕಿಟಕಿಯಾಚೆ ಬೇವಿನ ಒಂದೆಲೆಯೂ ಅಲುಗದು — ಶ್ರಾವಣದ ಸೋಮವಾರ ಹೀಗೇ ಇರಬೇಕು, ಯಾರೋ ಉಸಿರು ಬಿಗಿಹಿಡಿದು ನೋಡುತ್ತಿರುವ ಹಾಗೆ, ಎಂದುಕೊಂಡಳು ಶಿವಗಂಗಾ, ಎಂದುಕೊಂಡು ತಾನೇ ನಾಚಿದಳು, ಶಿವನಿಗೇನು ಬೇರೆ ಕೆಲಸವಿಲ್ಲವೇ, ಮೂವತ್ತೇಳರ ಹೆಂಗಸು ವಿಡಿಯೊ ಆಟದ ಮಿಷನ್ನು ಹಿಡಿದು ಕೂತದ್ದನ್ನು ನೋಡುತ್ತ ಇರಲು. ಎಡ ಅಂಗೈ. ತಾಸಿನ ಹಿಂದೆ ಇದೇ ಅಂಗೈಯಲ್ಲಿ ಲಿಂಗವಿತ್ತು, ವಿಭೂತಿಯ ತಂಪು ಇನ್ನೂ ಬೆರಳ ಸಂದಿಯಲ್ಲಿದೆ, ಎವೆ ಬಡಿಯದೆ ನೋಡುವುದನ್ನು ಇಷ್ಟು ವರ್ಷದ ಪೂಜೆಯೇ ಕಲಿಸಿದೆ, ಈಗ ಅದೇ ನೋಟ ಪುಟ್ಟ ಗಾಜಿನ ಮೇಲೆ, ಗಾಜಿನೊಳಗೆ ಪಂಜು ಹಿಡಿದ ಪುಟ್ಟ ಮನುಷ್ಯ, ಅವನ ಮುಂದೆ ಕಲ್ಲಿನ ಕಾಲುವೆ, ಕಾಲುವೆಯ ಕೊನೆಗೆ ಆ ಬಾಗಿಲು. ಅದೇ ಬಾಗಿಲು. ಇಪ್ಪತ್ತೈದು ವರ್ಷವಾದರೂ ಒಂದು ಗೀರೂ ಬದಲಾಗದೆ ನಿಂತಿದೆ. ಗೋಡೆಗೆ ಒರಗಿ ತೊಗರಿಬೇಳೆ ಹಸನು ಮಾಡುತ್ತಿರುವ ಅವ್ವ, ಅಂಬಮ್ಮ, ಮೊರದಿಂದ ತಲೆಯೆತ್ತದೆ ಅನ್ನುತ್ತಾಳೆ, ಲಿಂಗ ಹಿಡಿಯೋ ಕೈಯಾಗ ಅದನ್ನ ಹಿಡದೀಯಲ್ಲಬೇ, ಅದೂ ಸೋಮವಾರ ದಿನ — ಅಣ್ಣ ಗುರುಬಸವ ಪಕ್ಕದಲ್ಲೇ ಕೂತು ಚಹ ಊದುತ್ತ, ಇರಲಿ ಬಿಡವ್ವ, ಕೆಟ್ಟರ ಕೆಡಲಿ, ಇನ್ನಾ ಗ್ಯಾರಂಟಿ ಐತಿ, ಅನ್ನುತ್ತಾನೆ. ಗ್ಯಾರಂಟಿ. ಅವಳು ಮುಟ್ಟಿದ್ದಕ್ಕೆಲ್ಲ ಈ ಮನೆಯವರು ಗ್ಯಾರಂಟಿ ನೋಡುತ್ತಾರೆ.

ಅದು ಶುರುವಾದದ್ದು ತುರ್ವಿಹಾಳದ ಹೊಲದ ಬದುವಿನ ಮೇಲೆ, ಅವಳಿಗೆ ಹನ್ನೆರಡು, ಅಣ್ಣನಿಗೆ ಹದಿನಾಲ್ಕು, ಸೋದರಮಾವ ಹೈದರಾಬಾದಿನಿಂದ ತಂದುಕೊಟ್ಟ ಬೂದು ಬಣ್ಣದ ಮಿಷನ್ನು, ಇಟ್ಟಿಗೆಯಷ್ಟು ದಪ್ಪ, ಮಿಷನ್ನು ಒಂದು, ಮಕ್ಕಳು ಇಬ್ಬರು, ಆದ್ದರಿಂದ ಪಾಳಿ — ಕಾಲುವೆಯ ನೀರಿಗೆ ಹೇಗೋ ಹಾಗೆ, ಅಪ್ಪನ ಹೊಲಕ್ಕೆ ನೀರು ಹರಿಯುವಷ್ಟು ಹೊತ್ತು ಅವನದು, ಪಕ್ಕದ ಹೊಲಕ್ಕೆ ತಿರುಗಿಸಿದ ಮೇಲೆ ಅವಳದು, ಗಡಿಯಾರ ಬೇಕಿರಲಿಲ್ಲ, ತೂಬಿನ ಸದ್ದೇ ಸಾಕಿತ್ತು. ಆಟದೊಳಗಿನ ಅಕ್ಷರ ಯಾವ ದೇಶದ್ದೋ, ಓದಲು ಬಾರದು, ಎಲ್ಲಕ್ಕೂ ತಾವೇ ಹೆಸರಿಟ್ಟರು, ಪಂಜು ಹಿಡಿದವ ಪಂಜಿನವ, ತೂಬು ಕಾಯುವ ಕಲ್ಲಿನ ಏಡಿ ಕಲ್ಲೇಡಿ, ಐದನೆಯ ಕೋಟೆಗೆ ಮುದಗಲ್, ಮುದಗಲ್ಲಿನ ಕಂದಕ ನೋಡಿಬಂದ ಹೊಸತು ಅದು. ಆ ಕೋಟೆಯೊಳಗೆ ಒಂದು ಅಂಗಳ, ಅಂಗಳದಲ್ಲಿ ಕಾಲುವೆ, ಕಾಲುವೆಗೆ ನಾಲ್ಕು ತೂಬು, ತೂಬಿಗೊಂದು ತೊಟ್ಟಿ, ಕೊನೆಯ ತೊಟ್ಟಿ ತುಂಬಿದರೆ ಬಾಗಿಲು ಮೇಲೇಳಬೇಕು — ಅಲ್ಲಿಗೆ ಮೊದಲು ತಲುಪಿದವಳು ಅವಳೇ, ತಲುಪಿದ ಸಂತೋಷಕ್ಕೆ ಎದ್ದು ನಿಂತು, ಅಣ್ಣಾ ಎಂದು ಕೂಗಿ, ಕೈ ಜಾರಿ, ಮಿಷನ್ನು ಕಾಲುವೆಗೆ. ಮೊಣಕಾಲುದ್ದ ನೀರು. ಕಣ್ಣು ಮಿಟುಕುವಷ್ಟರಲ್ಲಿ ಎತ್ತಿದ್ದಳು, ಲಂಗದಲ್ಲಿ ಒರೆಸಿದ್ದಳು, ಮೂರು ದಿನ ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟರು, ನಾಲ್ಕನೆಯ ದಿನ ಕೆಂಪು ದೀಪ ಹತ್ತಿತು, ಪಂಜಿನವ ನಡೆದ, ಏಡಿ ಎದ್ದಿತು, ಎಲ್ಲ ಸರಿ, ಬಾಗಿಲೊಂದು ತೆರೆಯಲಿಲ್ಲ. ಅಣ್ಣ ನೂರು ಸಲ ತೂಬು ಎತ್ತಿದ. ತೆರೆಯಲಿಲ್ಲ. ನೀ ನೀರಾಗ ಕೆಡವಿದಿ, ಅದಕ್ಕ ಒಳಗಿನ ಬಾಗಿಲಾ ಕಟ್ಟಿಗೊಂಡೈತಿ, ಅಂದ ಅವನು, ಅವ್ವ ರೊಟ್ಟಿ ಬಡಿಯುತ್ತಲೇ ತೀರ್ಪು ಕೊಟ್ಟಳು, ಆ ಬಾಗಿಲಾ ತೆರೆಯೋತನಕ ನಿನ್ನ ಪಾಳಿನೂ ಅಣ್ಣಗ. ಬಾಗಿಲು ತೆರೆಯಲೇ ಇಲ್ಲ. ಮಿಷನ್ನು ಎರಡು ವರ್ಷ ಅಣ್ಣನ ಕೈಯಲ್ಲಿ ಸವೆದು, ಒಂದು ದಿನ ಯಾವುದೋ ಟ್ರಂಕಿನಲ್ಲಿ ಕಳೆದುಹೋಯಿತು, ಹೆಸರು ಮಾತ್ರ ಉಳಿಯಿತು, ಗಂಗವ್ವ ಮುಟ್ಟಿದ್ದು ಕೆಡುತೈತಿ. ಮಿಕ್ಸರ್ ಬಂತು, ಗಂಗವ್ವನ ಕೈಗೆ ಕೊಡಬ್ಯಾಡ. ಸ್ಕೂಟರ್ ಬಂತು, ಗಂಗವ್ವ ಹಿಂದ ಕೂಡಲಿ. ಮದುವೆಯ ಮರುದಿನ ಅಕ್ಕಿಯ ಕಾಳು ಇನ್ನೂ ತುರುಬಿನಲ್ಲಿರುವಾಗಲೇ ಅಣ್ಣ ಗಂಡ ಅಮರಗುಂಡಪ್ಪನಿಗೆ ನಗುತ್ತ ಹೇಳಿದ್ದ, ನಿಮ್ಮ ಮೋಟರ್ ಸ್ಟಾರ್ಟರ್ ಇಕಿ ಕೈಗೆ ಕೊಡಬ್ಯಾಡ್ರಿ ಮಾವಾರ — ಎಲ್ಲರೂ ನಕ್ಕರು, ಅವಳೂ ನಕ್ಕಳು, ನಕ್ಕವಳು ಹದಿನಾರು ವರ್ಷ ಆ ಸ್ಟಾರ್ಟರಿನ ಹಸಿರು ಗುಂಡಿ ಒತ್ತಿಲ್ಲ, ಯಾರೂ ತಡೆದಿರಲಿಲ್ಲ, ಬೆರಳೇ ಹಿಂದೆ ಸರಿಯುತ್ತಿತ್ತು.

ಹದಿನೈದು ದಿನದ ಹಿಂದೆ ಅಣ್ಣನ ಫೋನು, ಗಂಗೀ, ನಮ್ಮ ಪಂಜಿನವ ಮತ್ತ ಬಂದಾನ, ಎರಡನೇ ಆಟ ತಗದಾರ, ಅಂಗಡಿಗೆ ತರಿಸೀನಿ — ಲಿಂಗಸುಗೂರು ಬಸ್‌ಸ್ಟ್ಯಾಂಡಿನ ಹಿಂದೆ ಮೊಬೈಲ್ ರಿಪೇರಿ ಅಂಗಡಿ ಅವನದು, ಊರಿನ ಮಿಷನ್ನೆಲ್ಲ ಅವನ ಮಾತು ಕೇಳುತ್ತವೆ — ಹಳೇದರಾಗಿನ ಅಂಗಳಾನ ಹಂಗ್ಹಂಗ ಕಡಿಗೆ ತಂದಿಟ್ಟಾರಬೇ, ಹಳಬರಿಗಿ ನೆನಪಾಗಲೆಂತ, ನಾಕು ತೂಬು, ಏಡಿ, ಎಲ್ಲಾ, ಆದರ ಇದರಾಗೂ ಬಾಗಿಲಾ ತೆರೀವಲ್ದು, ಪೀಸ್ ಫಾಲ್ಟ್ ಐತೇನ, ವಾಪಸ್ ಕಳಸ್ತೀನಿ. ವಾಪಸ್ ಕಳಿಸಬ್ಯಾಡ, ನಾ ಬರತೀನಿ, ಎಂದು ಅವಳು ಫೋನು ಮಾಡಿದ್ದು ಮರುದಿನ. ನಿನ್ನೆ ಸಂಜೆ ಸಿಂಧನೂರಿನಲ್ಲಿ ಬಸ್ಸು ಹತ್ತಿದವಳಿಗೆ ಮಸ್ಕಿಯಲ್ಲಿ ಬಸ್ಸು ನಿಂತಾಗ, ಬೆಟ್ಟದ ಮೇಲಿನ ಮಲ್ಲಯ್ಯನ ಗುಡಿಯ ಕಡೆ ಕೈಮುಗಿಯುವಾಗ, ತಲೆಯೊಳಗೆ ದಾರ ತಾನೇ ಬಿಚ್ಚಿಕೊಂಡಿತು — ಈ ಹೊಸ ಮಿಷನ್ನು ಯಾವ ಕಾಲುವೆಗೂ ಬಿದ್ದಿಲ್ಲ, ಇದರಲ್ಲೂ ಬಾಗಿಲು ತೆರೆಯದಿದ್ದರೆ ತಪ್ಪು ನೀರಿನದಲ್ಲ, ಕೈಯದಲ್ಲ, ತೂಬು ಎತ್ತಿದ ರೀತಿಯದು, ಆ ರೀತಿ ಸರಿಯಾಗಿ ಬಾಗಿಲು ಎದ್ದರೆ, ಮಲ್ಲಯ್ಯಾ, ಎದ್ದರೆ ಅಂದು ನಾನು ಏನನ್ನೂ ಕೆಡಿಸಿರಲಿಲ್ಲ. ಅಷ್ಟೇ ಬೇಡಿದಳು. ಬಂಗಾರ ಬೇಡಲಿಲ್ಲ, ಮನೆ ಬೇಡಲಿಲ್ಲ, ಬಸ್ಸು ಬಿಡುವ ಮೊದಲು ಒಂದು ಬಾಗಿಲು ಬೇಡಿದಳು.

ಈಗ ಆಟದಲ್ಲಿ ಅವಳಿಗೆ ಮೂರು ಜೀವ. ಮೊದಲನೆಯದು ಆಗಲೇ ಹೋಯಿತು, ರೂಢಿಯೇ ನುಂಗಿತು, ಅಣ್ಣ ಬೆರಳು ತೋರಿಸಿ, ಎತ್ತು, ಮೊದಲನೇದು ಎತ್ತು, ನೀರ ಬಂತು ನೋಡು, ಅಂದ ಹಾಗೆ ಅವಳೂ ಎತ್ತಿದಳು, ಮೊದಲ ತೊಟ್ಟಿ ತುಂಬಿತು, ಎರಡನೆಯದು ತುಂಬಿತು, ಮೂರನೆಯದು ಅರ್ಧಕ್ಕೆ ಬಂದಾಗ ಮೂಲದ ನೀರೇ ನಿಂತಿತು, ನಾಲ್ಕನೆಯದು ಒಣ, ಕಲ್ಲೇಡಿ ಬಂದು ಪಂಜಿನವನನ್ನು ಕವುಚಿಕೊಂಡಿತು. ನೋಡಿದ್ಯಾ, ಅಂದ ಅಣ್ಣ, ನೀರ ಸಾಲಂಗಿಲ್ಲ, ಫಾಲ್ಟ್. ಸಾಲುವುದಿಲ್ಲ. ಈ ಮಾತು ಎಷ್ಟು ಸಲ ಕೇಳಿದ್ದಾಳೆ ಅವಳು, ಆಟದಲ್ಲಲ್ಲ. ತುರ್ವಿಹಾಳದ ಹೊಲ ಉಪಕಾಲುವೆಯ ಮೇಲ್ಭಾಗದ್ದು, ನೀರು ಬಂದ ಸದ್ದಿಗೇ ಅಪ್ಪ, ಎತ್ರಲೇ ನಮ್ಮ ತೂಬು, ಅನ್ನುತ್ತಿದ್ದ, ಅಣ್ಣ ಓಡುತ್ತಿದ್ದ, ತಮ್ಮ ಹೊಲದ ಕೆಳಗೆ ಇನ್ನೆಷ್ಟು ತೂಬು ಇವೆ ಎಂದು ಆ ಮಕ್ಕಳು ಎಂದೂ ಎಣಿಸಿರಲಿಲ್ಲ, ಮೇಲಿನವರ ಮಕ್ಕಳಿಗೆ ಕಾಲುವೆ ತಮ್ಮ ಬದುವಿಗೇ ಮುಗಿಯುತ್ತದೆ. ಎಣಿಸಿದ್ದು ಮದುವೆಯಾದ ಮೇಲೆ. ಗಂಡನ ಹೊಲ ಅದೇ ಕಾಲುವೆಯ ಕೊನೆ ಭಾಗದ್ದು, ಅವಳ ತವರು ತುಂಬಿ ತುಳುಕಿದ ಮೇಲೆ ಉಳಿದರೆ ಅವಳ ಮನೆಗೆ, ಉಳಿಯುತ್ತಿರಲಿಲ್ಲ. ಅದೊಂದು ಬೇಸಿಗೆ, ಭತ್ತದ ತೆನೆ ಹಾಲು ಹಿಡಿಯುವ ಹೊತ್ತು, ಗದ್ದೆ ಬಿರುಕು ಬಿಟ್ಟಾಗ, ಪಕ್ಕದ ಹೊಲದ ಇಮಾಮ್‌ಬೀ ಸೆರಗು ಸೊಂಟಕ್ಕೆ ಸಿಗಿಸಿ ಬಂದು, ಏಳ ಗಂಗವ್ವ, ಗಂಡಸರು ಅರ್ಜಿ ಬರೀತಾ ಕುಂತಾರ, ಭತ್ತ ಅರ್ಜಿ ಓದಂಗಿಲ್ಲ, ಅಂದಳು, ಹದಿನೆಂಟು ಹೆಂಗಸರು ಮೇಲ್ಭಾಗಕ್ಕೆ ನಡೆದರು, ಹೋಗುವ ಮೊದಲು ಇಮಾಮ್‌ಬೀ ತಮ್ಮ ಕೊನೆಯ ತೂಬನ್ನು ಪೂರ್ತಿ ಎತ್ತಿಸಿದಳು, ಒಣ ತೂಬು, ಹಲ್ಲಿ ಓಡಾಡುತ್ತಿದ್ದ ತೂಬು — ನೀರಿಲ್ಲದ್ದ ಯಾಕ ಎತ್ತತೀಯಬೇ ಇಮಾಮ್‌ಬೀ, ಎಂದು ಕೇಳಿದವಳು ಶಿವಗಂಗಳೇ, ಮೇಲಿನವರ ಮಗಳಲ್ಲವೇ, ಇಮಾಮ್‌ಬೀ ಹಲ್ಲು ಬಿಟ್ಟು, ಎತ್ತಿಟ್ಟರ ಅದಕ್ಕೂ ಗೊತ್ತಾಗತೈತಿ ಇಲ್ಲಿತನ ಬರಬೇಕಂತ, ಅಂದಿದ್ದಳು. ಮೇಲಿನ ತೂಬುಗಳನ್ನು ಇಳಿಸಿ, ಅವುಗಳ ಮೇಲೇ ಸಾಲಾಗಿ ಕೂತರು, ತವರಿನ ತೂಬಿನ ಮೇಲೆ ಕೂತವಳು ತಾನೇ. ಮಧ್ಯಾಹ್ನ ಮೂರರ ಬಿಸಿಲಿಗೆ, ಉಳಿದವರನ್ನು ಅಲ್ಲೇ ಬಿಟ್ಟು, ಅವಳೂ ಇಮಾಮ್‌ಬೀಯೂ ಕೆಳಗಿಳಿದು ಬಂದಾಗ ಒಣ ಕಾಲುವೆಯೊಳಗೆ ಅದು ಬರುತ್ತಿತ್ತು, ನೀರಿನ ತುದಿ, ಬೆರಳು ದಪ್ಪ, ಬೆಳ್ಳಗೆ ನೊರೆ, ಮುಂದೆ ಹುಲ್ಲುಕಡ್ಡಿ ಒಣ ಎಲೆ ದೂಡಿಕೊಂಡು, ನಿಂತು, ಮತ್ತೆ ಸರಿದು, ಕೊನೆಯ ತೂಬಿನ ಕಲ್ಲನ್ನು ಮುಟ್ಟಿ, ಮುಟ್ಟಿ ಒಂದು ಉಸಿರು ತಡೆದು — ಆಮೇಲೆ ಏರಿತು.

ಕೊನೆಯದು ಮೊದಲು. ಬಾಯಿಂದ ಬಂತೋ ಒಳಗೇ ಉಳಿಯಿತೋ, ಅಣ್ಣ ಅವಳ ಮುಖ ನೋಡಿದ. ಎರಡನೆಯ ಜೀವ. ಪಂಜಿನವ ಮೊದಲ ತೂಬನ್ನು ಮುಟ್ಟದೆ ಓಡಿದ, ಲೇ ಲೇ ಎಲ್ಲಿ ಹೊಂಟಿ, ನೀರ ಇಲ್ಲೈತಿ, ಎಂದು ಅಣ್ಣ ಚಹದ ಬಟ್ಟಲು ಕೆಳಗಿಟ್ಟ, ಅವಳು ಎರಡನೆಯದನ್ನು ದಾಟಿದಳು, ಏಡಿ ಕಣ್ಣು ತೆರೆಯಿತು, ಮೂರನೆಯದನ್ನು ದಾಟಿದಳು, ಏಡಿಯ ಕೊಂಡಿ ಬೀಸಿ ಬಂದು ನೆತ್ತಿ ಸವರಿತು, ಬಗ್ಗಿದಳು, ಹಾರಿದಳು, ಇನ್ನೊಂದು ಬೀಸಿಗೆ ಪಂಜು ನಂದಿ ಪಂಜಿನವ ಬಿದ್ದ. ಎರಡನೆಯದೂ ಹೋಯಿತು. ಉಳಿದದ್ದು ಒಂದೇ. ಅವ್ವನ ಮೊರ ಸರ್ ಸರ್, ಕಾಳು ಏರಿ ಕಾಳು ಇಳಿದು, ಕೊಡಿಲ್ಲಿ, ಒಂದಾದರೂ ಉಳಿಸ್ತೀನಿ, ಎಂದು ಅಣ್ಣ ಕೈ ಚಾಚಿದ. ಇಲ್ಲ, ಅಂದಳು ಶಿವಗಂಗಾ. ಇಪ್ಪತ್ತೈದು ವರ್ಷದಲ್ಲಿ ಈ ಮನೆಯವರ ಮುಂದೆ ಒಂದು ಯಂತ್ರಕ್ಕಾಗಿ ಅವಳು ಇಲ್ಲ ಅಂದದ್ದು ಇದೇ ಮೊದಲು, ಮೊರ ಒಂದು ಗಳಿಗೆ ತಪ್ಪಿ ಮತ್ತೆ ನಡೆಯಿತು. ಮೂರನೆಯ ಜೀವ, ಶಿವಾ ಎಂದುಕೊಂಡು ಓಡಿದಳು, ಈ ಸಲ ಅವಸರವಿಲ್ಲ, ಪೂಜೆಗೆ ಕೂತ ಹಾಗೆ ಉಸಿರು ನೆಲೆಗೆ ಬಂದಿದೆ, ಏಡಿ ಎಡಗೊಂಡಿ ಬೀಸುವ ಮೊದಲು ಬಲಗಾಲು ಊರುತ್ತದೆ, ಅದು ಈಗ ಕಾಣುತ್ತಿದೆ, ಊರಿತು, ಬಗ್ಗಿದಳು, ಬೀಸಿತು, ಹಾರಿದಳು, ನಾಲ್ಕನೆಯ ತೂಬು, ಒಣ, ಎತ್ತಿದಳು. ಏನೂ ಆಗಲಿಲ್ಲ. ಆಗಬಾರದು, ಇನ್ನೂ ಆಗಬಾರದು. ಹಿಂದಕ್ಕೆ ಓಡಿ ಮೂರನೆಯದು, ಅದೂ ಒಣ, ಎತ್ತಿದಳು, ಎರಡನೆಯದು, ಎತ್ತಿದಳು, ಏಡಿ ಬೆನ್ನ ಹಿಂದೆ ಕಲ್ಲು ಉಜ್ಜುತ್ತ ಬರುತ್ತಿದೆ, ಕಟ್ಟಕಡೆಗೆ ಮೊದಲನೆಯದು, ಎತ್ತಿ, ಪಂಜು ನೆನೆಯದ ಹಾಗೆ ದಂಡೆಯ ಮೇಲೆ ಜಿಗಿದು ನಿಂತಳು. ನೀರು ಹಾದಿ ಹಿಡಿಯಿತು. ತಡೆದು ನಿಲ್ಲಿಸುವ ತೂಬು ಕೆಳಗೆ ಒಂದೂ ಇಲ್ಲ, ಮೇಲಿನ ಯಾವ ತೊಟ್ಟಿಗೂ ತಿರುಗಲಿಲ್ಲ, ನೇರ ಇಳಿಯಿತು, ಗಾಜಿನ ಉದ್ದಕ್ಕೂ ಬೆಳ್ಳಗೆ ಒಂದು ಎಳೆ, ಕೊನೆಯ ತೂಬಿನ ಕಲ್ಲು ಮುಟ್ಟಿ, ತಡೆದು, ಏರಿತು, ನಾಲ್ಕನೆಯ ತೊಟ್ಟಿ ತುಂಬಿ ನೀರು ಹಿಂದಕ್ಕೆ ಒತ್ತಿ ಮೂರನೆಯದು, ಎರಡನೆಯದು, ಮೊದಲನೆಯದು, ಸಾಲುತ್ತದೆ, ಎಲ್ಲಕ್ಕೂ ಸಾಲುತ್ತದೆ, ಕಲ್ಲೇಡಿ ತೇಲಿತು, ತೇಲಿ ಅಂಗಾತವಾಗಿ ಬಿಳಿ ಹೊಟ್ಟೆ ತೋರಿಸಿತು, ಒಂದು ಏಟು, ಎರಡು, ಮೂರು, ಬೆರಳು ಹಿಂದೆ ಸರಿಯಲೇ ಇಲ್ಲ. ಬಾಗಿಲು ಎದ್ದಿತು.

ಎದ್ದಿತು. ಮೆಲ್ಲಗೆ, ನೀರಿನ ಜೊತೆಗೆ, ಇಷ್ಟು ವರ್ಷ ಕಾದದ್ದು ತಾನೇ ಎಂಬ ಹಾಗೆ, ಅದರಾಚೆ ಹಳದಿ ಬೆಳಕು, ಅವಳು ಎಂದೂ ನೋಡದ ನೆಲ, ಒಳಗೆ ತಂಬಿಗೆ ತುಂಬಿ ಚೆಲ್ಲಿದ ಹಾಗೆ ಎದೆ ತುಂಬಿ ಬಂತು, ಅಮರಗುಂಡಪ್ಪನಿಗೆ ಫೋನು ಮಾಡಬೇಕು, ನಾಳೆ ಮೋಟರ್ ನಾನೇ ಚಾಲೂ ಮಾಡತೀನಿ ಅನ್ನಬೇಕು, ಇಮಾಮ್‌ಬೀಗೆ ಹೇಳಬೇಕು — ಹೀಗೆ ಅಂದುಕೊಳ್ಳುತ್ತಲೇ ಕೈ ತಾನಾಗಿ ಮಿಷನ್ನನ್ನು ಅಣ್ಣನ ಕಡೆ ಚಾಚಿತು, ಮುಂದಿನ ಪಾಳಿ ಅವನದು, ಕೈಗೆ ಬೇರೆ ಗೊತ್ತಿಲ್ಲ. ಗುರುಬಸವ ತಗೊಂಡ. ತೆರೆದ ಬಾಗಿಲನ್ನು ನೋಡಿದ, ಮಿಷನ್ನು ಬಿಚ್ಚಿ ನೋಡುವವನ ಹಾಗೆ. ಮೊರ ನಿಂತಿದೆ. ಸಿಂಧನೂರಿನ ದಸ್ತಗೀರ್‌ಸಾಬ್, ರೇಡಿಯೊ ರಿಪೇರಿಯಾಂವ, ಅನ್ನುತ್ತಾನೆ ಅಣ್ಣ, ದನಿ ಸಣ್ಣದು, ಅವ್ವನಿಗೆ ಕೇಳುವಷ್ಟೇ ದೊಡ್ಡದು, ಅವತ್ತ ಮಿಷನ್ ನೀರಾಗ ಬಿದ್ದ ಮ್ಯಾಲ ನಾ ಒಬ್ಬನ ಹೋಗಿದ್ನಿ ಅವನ ಕಡೆ, ಬಿಚ್ಚಿ ನೋಡಿದ, ಒಳಗ ಒಂದ ಹನಿ ನೀರ ಹೋಗಿಲ್ಲ, ಮಿಷನ್ ಸಾಫ್ ಐತಿ ಅಂದ. ನಾ ಬಂದು ಹೇಳಲಿಲ್ಲ. ಹೇಳಿದ್ದರ ನಿನ್ನ ಪಾಳಿ ನಿನಗ ಹೋಗತಿತ್ತು. ಅವ್ವ ಮಗನನ್ನು ನೋಡುತ್ತಾಳೆ, ಮಗಳನ್ನು ನೋಡುತ್ತಾಳೆ, ಮೊರವನ್ನು ಪಕ್ಕಕ್ಕೆ ಸರಿಸುತ್ತಾಳೆ. ಸಿಟ್ಟು ಬರಬೇಕಿತ್ತು, ಶಿವಗಂಗಾ ಅದಕ್ಕಾಗಿ ಕಾದಳು, ಮಿಕ್ಸರು, ಸ್ಕೂಟರು, ಹಸಿರು ಗುಂಡಿ, ಎಲ್ಲ ಬಂದು ಸಾಲಾಗಿ ನಿಂತವು, ನಿಂತು ಒಂದೊಂದಾಗಿ ಹಗುರಾದವು, ಅಣ್ಣನ ಮೀಸೆಯಲ್ಲಿ ಬಿಳಿ ಕೂದಲು ಬಂದಿದೆ, ಇದನ್ನು ಇವನೂ ಹೊತ್ತುಕೊಂಡೇ ಮುದುಕನಾಗುತ್ತಿದ್ದ. ಅವನು ಅವಳ ಎಡಗೈ ಹಿಡಿದು ಬೆರಳು ಬಿಡಿಸಿ ಮಿಷನ್ನನ್ನು ಅಂಗೈಯ ಮೇಲೆ ಇಟ್ಟ, ತಗೋ, ಅಂದ, ಎಲ್ಲಾ ಪಾಳಿನೂ ನಿನ್ನವ. ಹಳದಿ ಬೆಳಕಿನಲ್ಲಿ ಪಂಜಿನವ ಕಾಯುತ್ತಿದ್ದಾನೆ, ಒಂದು ಗುಂಡಿ ಒತ್ತಿದರೆ ಹೊಸ ನೆಲ, ಅವಳು ಒತ್ತುತ್ತಿಲ್ಲ, ಇನ್ನೇನನ್ನೂ ಯೋಚಿಸುತ್ತಿಲ್ಲ, ಮೂರರ ಬಿಸಿಲು, ಒಣ ಕಾಲುವೆ, ನೀರಿನ ತುದಿ, ಬೆಳ್ಳಗೆ, ಹುಲ್ಲುಕಡ್ಡಿ ದೂಡಿಕೊಂಡು, ಕೊನೆಯ ಕಲ್ಲನ್ನು ಮುಟ್ಟಿ, ಮುಟ್ಟಿ —